ನೀರಿನ ಮೇಲೆ ‘ಬಿಡು’ ಅನ್ನಬಾರದು

ಗುರುವಾರ, ಮಾರ್ಚ್ ೧೪
ಬೆಳಿಗ್ಗೆ ಹನ್ನೊಂದು ಗಂಟೆ

ನನ್ನ ಹಟಮಾರಿ ಮಗಳಿಗೆ ಅಮ್ಮನ ಆಶೀರ್ವಾದ, ಅದರ ಬೆನ್ನಿಗೇ ಒಂದಿಷ್ಟು ಬೈಗುಳ.

ನಾನು ಕ್ಷೇಮ. ನೀನು ಕ್ಷೇಮವೇ ಅಂತ ಜೈಲಿನಲ್ಲಿರುವವಳನ್ನು ಹೇಗೆ ಕೇಳಲಿ? ಕಳೆದ ಸಲ ಭೇಟಿಗೆ ಕೊಟ್ಟ ಹದಿನೈದು ನಿಮಿಷದಲ್ಲಿ ಹನ್ನೆರಡು ನಿಮಿಷ ನೀನು ಜಾಲರಿಯ ಆಚೆ ತುಟಿ ಬಿಗಿದುಕೊಂಡು ಕೂತಿದ್ದೆ. ಉಳಿದ ಮೂರು ನಿಮಿಷದಲ್ಲಿ ಲೈಫ್ ಜಾಕೆಟ್‌ಗಳ ಪಟ್ಟಿ ಹೊಲಿದಾಯ್ತಾ ಅಂತ ವಿಚಾರಿಸಿದೆ. ಹೊಲಿದಾಯ್ತು ತಾಯಿ. ಹದಿನಾಲ್ಕನ್ನೂ ಹೊಲಿದು, ಒಣಗಿಸಿ, ಶೆಡ್ಡಿನ ಮೊಳೆಗಳಿಗೆ ನೇತುಹಾಕಿದ್ದೇನೆ. ಹಾಕಿಕೊಳ್ಳುವವರು ಮಾತ್ರ ಯಾರೂ ಇಲ್ಲ. ಕೆರೆಗೆ ಯಾರೂ ಇಳಿಯದ ಹಾಗೆ ಪೊಲೀಸರು ದಡದುದ್ದಕ್ಕೂ ಹಗ್ಗ ಕಟ್ಟಿದ್ದಾರೆ.

ಜಾಲರಿಯ ಮುಂದೆ ಹೇಳಲಾಗದ ಮಾತಿದೆ, ಅದಕ್ಕೇ ಕಾಗದ. ಅಲ್ಲಿ ಕಾಗದ ಒಡೆದು ಓದಿಯೇ ಕೊಡುತ್ತಾರಂತೆ. ಓದಲಿ. ಓದುವವರಿಗೂ ಅರ್ಥವಾಗಬೇಕೆಂದು, ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ.

ನಿನ್ನೆ ವಕೀಲರು ನನ್ನ ಹೊಲಿಗೆ ಅಂಗಡಿಗೆ ಬಂದಿದ್ದರು. ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ನಮ್ಮ ಕಡೆ ಬಲವಾಗಿದೆ ಅಂದರು. ಅವರ ಪ್ರಕಾರ, ಮೋಟಾರ್ ಬೋಟಿನ ಧಡಿಯ ಬೇಕೆಂದೇ ಬೋಟು ಹತ್ತಿಸಿ, ನಮ್ಮಲ್ಲಿ ದೋಣಿ ಕಲಿಯುತ್ತಿದ್ದ ಠಸ್ಸೆ ಮಾವನನ್ನು ಕೊಂದ. ಅದನ್ನು ಕಣ್ಣಾರೆ ಕಂಡು ನಿನ್ನ ತಲೆ ಕೆಟ್ಟಿತು. ಕೈಯಲ್ಲಿದ್ದ ದೋಣಿಯ ಹುಟ್ಟಿನಿಂದ ಅವನನ್ನು ಹೊಡೆದೆ. ಅವನ ಮೇಲೆ ಕೊಲೆ ಕೇಸು ಗಟ್ಟಿಯಾಗಿ ನಿಂತಷ್ಟೂ ನಿನ್ನ ಶಿಕ್ಷೆ ಹಗುರವಂತೆ. ಎರಡು ವರ್ಷಕ್ಕೆ ಹೊರಗೆ ಬರ್ತಾಳೆ ಬಿಡಿ, ಅಂದರು. ಆ ‘ಬಿಡಿ’ ಕೇಳಿ ಸೂಜಿ ನನ್ನ ಬೆರಳಿಗೇ ಇಳಿಯಿತು.

ಆ ಪದ ನಮಗೆ ಹೇಗೆ ನಿಷಿದ್ಧವಾಯಿತು ಅನ್ನುವುದು ನೆನಪಿದೆಯಾ? ಸುರಕ್ಷಿತ ದೋಣಿ ಸಂಘ ಅಂತ ಐದು ಜನ ದೋಣಿ ಕಲಿಸುವ ಬಿಟ್ಟಿ ಚಾಕರಿಗೆ ನಿಂತ ಮೊದಲ ಭಾನುವಾರ, ನೀನು ದೋಣಿ ಕಟ್ಟೆಯ ಹಲಗೆಗೆ ಕೆಂಪು ಬಣ್ಣದಲ್ಲಿ ಬರೆದೆ: ನೀರಿನ ಮೇಲೆ ‘ಬಿಡು’ ಅನ್ನಬಾರದು. ಹಗ್ಗ ಹಿಡಿದವನಿಗೆ ಅದು ಕೈ ತೆಗಿ ಅಂತ ಕೇಳಿಸುತ್ತದೆ, ಬೋಟಿನವನಿಗೆ ಓಡಿಸು ಅಂತ ಕೇಳಿಸುತ್ತದೆ. ಹಗ್ಗದವನಿಗೆ ‘ಕೈ ತೆಗಿ’ ಅನ್ನಬೇಕು, ದೋಣಿಯವನಿಗೆ ‘ಹೊರಡು’ ಅನ್ನಬೇಕು, ಎರಡಕ್ಕೂ ಮೊದಲು ನೀರಿನಲ್ಲಿರುವ ತಲೆ ಎಣಿಸಬೇಕು. ಅರ್ಧ ಕನ್ನಡವನ್ನೇ ಕಿತ್ತುಕೊಂಡೆಯಲ್ಲೇ, ಆ ಪದ ಇಲ್ಲದೆ ಒಂದು ಗಂಟೆ ಸಂಸಾರ ಮಾಡಿ ತೋರಿಸು ನೋಡೋಣ, ಅಂತ ನಾನು ನಕ್ಕಿದ್ದೆ. ನೀನು ನಗಲಿಲ್ಲ. ಅದನ್ನು ಹತ್ತು ಸಲ ನನ್ನ ಬಾಯಿಂದ ಹೇಳಿಸಿದೆ.

ಠಸ್ಸೆ ಮಾವ ಕಲಿಯಲು ಬಂದಾಗ ಅವರಿಗೆ ಐವತ್ತೆರಡು. ಅಂಚೆ ಕಚೇರಿಯ ಗುಮಾಸ್ತರು, ಸ್ನಾನದ ಬಕೆಟ್ಟಿಗೂ ಹೆದರುವ ಜೀವ. ಕಾಗದಗಳಿಗೆ ಠಸ್ಸೆ ಒತ್ತಿದ ಹಾಗೆಯೇ ಹುಟ್ಟನ್ನು ನೀರಿಗೆ ಬಡಿಯುತ್ತಿದ್ದರು, ಹೆಸರು ಹಾಗೆ ಬಿತ್ತು. ಎಂಟು ವಾರ ಕಟ್ಟೆಯ ಪಕ್ಕದಲ್ಲೇ ಸುತ್ತಿ, ಒಂಬತ್ತನೆಯ ವಾರ ತೇಲುಡಬ್ಬಿಗಳ ಸಾಲಿನವರೆಗೂ ಹೋಗಿಬಂದು ನನ್ನ ಕೈ ಕುಲುಕಿದ್ದರು.

ಇನ್ನು ಧಡಿಯ. ಆ ಸಾಲು ದಾಟಿ ಮೋಟಾರ್ ಬೋಟು ಬರಬಾರದು ಅಂತ ನಾವು ಅರ್ಜಿ ಕೊಟ್ಟದ್ದೇ ಅವನಿಗೆ ಉರಿ. ಕಲಿಯುವವರ ಸುತ್ತ ಬೇಕೆಂದೇ ಬೋಟು ತಿರುಗಿಸಿ ಅಲೆ ಎಬ್ಬಿಸುತ್ತಿದ್ದ. ನೀನು ಸುಮ್ಮನಿದ್ದೆಯಾ, ಅವನ ಪೆಟ್ರೋಲ್ ಪೈಪು ಕತ್ತರಿಸಿದೆ. ಅವನು ಬಂದು ನಿನ್ನ ಜುಟ್ಟು ಹಿಡಿದು ಕಟ್ಟೆಯ ಉದ್ದಕ್ಕೂ ಎಳೆದ. ಬಿಡಿಸಲು ಹೋದ ನನ್ನ ಕೆನ್ನೆಗೆ ಬಾರಿಸಿದ. ಹನ್ನೊಂದು ಜನರ ಮುಂದೆ. ಒಂದು ಹಲ್ಲು ಅಲುಗಾಡಿ, ವಾರದ ಮೇಲೆ ತಾನಾಗಿ ಉದುರಿತು. ನಾನು ಅದನ್ನು ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಅವತ್ತೇ ಅವನನ್ನು ಮುಗಿಸುತ್ತಿದ್ದೆ.

ನೂಲಿನಂತೆ ಸೀರೆ ಅನ್ನುತ್ತಾರಲ್ಲ, ನಿನ್ನ ಕೋಪ ನೀನು ಅಂಗಡಿಯಲ್ಲಿ ಕೊಂಡದ್ದಲ್ಲ. ಏಳನೆಯ ವಯಸ್ಸಿಗೆ ನಿನ್ನನ್ನು ಅಳತೆಕೋಲಿನಿಂದ ಹೊಡೆದಾಗ ನೀನು ಅಳದೆ ಕೋಲು ಕಿತ್ತುಕೊಂಡು ನನ್ನ ಮಂಡಿಗೇ ಬಾರಿಸಿದ್ದೆ. ನಿಮ್ಮಪ್ಪ ಆ ರಾತ್ರಿ ಇದು ಮನೆಯೋ ಕುಸ್ತಿ ಅಖಾಡವೋ ಅಂದರು. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಠಸ್ಸೆ ಮಾವ ಹೋದ ಆ ಭಾನುವಾರ ನೀವೆಲ್ಲ ಆಚೆ ದಡದ ಹತ್ತಿರ ಇದ್ದಿರಿ. ಕಟ್ಟೆಯ ಮೇಲೆ ನಾನೊಬ್ಬಳೇ. ಧಡಿಯ ಸಾಲು ದಾಟಿ ನುಗ್ಗಿದ, ಅಲೆಗೆ ಠಸ್ಸೆ ಮಾವನ ದೋಣಿ ಮಗುಚಿತು. ಅವನು ಬೋಟು ತಿರುಗಿಸಿಕೊಂಡು ಬಂದು ನಿಂತ. ಎಂಜಿನ್ ಗುಡುಗುಡು ಅನ್ನುತ್ತಿತ್ತು, ಬೋಟು ಮಾತ್ರ ನಿಂತೇ ಇತ್ತು. ಮುಂದಿನದು ನೀನು ಕಂಡದ್ದು: ಬೋಟು ಒಮ್ಮೆಲೇ ನೆಗೆಯಿತು, ಹಿಂದಿನ ಫ್ಯಾನಿಗೆ ಠಸ್ಸೆ ಮಾವ ಸಿಕ್ಕಿದರು. ಅವನೇ ನೀರಿಗೆ ಹಾರಿ ಅವರನ್ನು ಮೇಲೆತ್ತಿ ಕಟ್ಟೆಗೆ ತಂದು ಮಲಗಿಸಿದ. ತೊಡೆ ಮೂಳೆಯವರೆಗೂ ಸೀಳಿತ್ತು. ನಾನು ನನ್ನ ಸೆರಗು ಹರಿದು ಬಿಗಿದೆ, ಒಂದು ಜಾಕೆಟ್ಟಿನ ಪಟ್ಟಿಯನ್ನೂ ಬಿಗಿದೆ. ರಕ್ತ ಹಲಗೆಗಳ ಸಂದಿಯಿಂದ ಕೆಳಗಿನ ನೀರಿಗೆ ಸುರಿಯುತ್ತಲೇ ಇತ್ತು. ಅವರು ನನ್ನ ಕಡೆ ನೋಡಿ ಏನೋ ಹೇಳಹೊರಟರು, ಅಷ್ಟರಲ್ಲಿ ಉಸಿರು ನಿಂತಿತು.

ಆಗ ನೀನು ಬಂದೆ. ಅವನು ನಿನ್ನ ಮುಖ ನೋಡಿ ‘ಬಿಡು ಅಂದ್ರು, ಬಿಟ್ಟೆ’ ಅಂದ. ಅಣಕಿಸುತ್ತಿದ್ದಾನೆ ಅಂದುಕೊಂಡೆ ನೀನು. ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದು ಬಾಯಿಗೆ. ಮೂರನೆಯದಕ್ಕೆ ಹುಟ್ಟಿನ ಅಲಗು ಮುರಿದು ಹಾರಿತು, ನೀನು ಉಳಿದ ಲೋಹದ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದೆ. ನಿಜ ಹೇಳುತ್ತೇನೆ ಮಗಳೇ, ಆ ಮೂರು ಏಟಿಗೆ ನನ್ನ ಮೈಯೆಲ್ಲ ತಂಪಾಯಿತು. ನಾಲ್ಕನೆಯದು ತಲೆಗೆ ಬಿತ್ತು, ಹಸಿ ತೆಂಗಿನಕಾಯಿ ಒಡೆದ ಶಬ್ದ. ಅವನು ಮಂಡಿಯೂರಿ ಕೈ ಅಡ್ಡ ಹಿಡಿದು ‘ಬಿಡು, ಬಿಡು’ ಅಂತ ಬೇಡಿಕೊಳ್ಳುತ್ತಿದ್ದ. ಅದೇ ಪದ ಕೇಳಿ ನೀನು ಇನ್ನಷ್ಟು ಕೆರಳಿದೆ. ಒಟ್ಟು ಒಂಬತ್ತು. ನಾನು ಎಣಿಸಿದೆ, ತಡೆಯಲಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುತ್ತಾರೆ. ನೀನು ಕೋಲು ಮುರಿದೆ, ಹಾವು ಇನ್ನೂ ಸತ್ತಿಲ್ಲ.

ಸತ್ತಿಲ್ಲ ಅಂತ ನನಗೆ ಹೇಗೆ ಗೊತ್ತು ಅಂದರೆ, ನಾನು ಆಸ್ಪತ್ರೆಗೆ ಹೋಗಿದ್ದೆ. ನಿನಗೆ ಹೇಳಿರಲಿಲ್ಲ. ಒಂದು ಸಲವಲ್ಲ, ನಾಲ್ಕು ಸಲ. ಮೊದಲ ಸಲ ಹೋದದ್ದು ಅವನು ಸಾಯುತ್ತಾನೋ ಇಲ್ಲವೋ ನೋಡಲು. ಸಾಯಲಿ ಅಂತಲೇ ಹೋಗಿದ್ದೆ, ಆಮೇಲೆ ಅವನು ಸತ್ತರೆ ನಿನ್ನ ಕೇಸೂ ಕೊಲೆಯಾಗುತ್ತದೆ ಅನ್ನುವುದು ಹೊಳೆದು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಬಾಗಿಲಲ್ಲಿ ಪೊಲೀಸಿದ್ದಾನೆ, ಒಳಗೆ ಅವನ ಹೆಂಡತಿ. ಬಲಗಡೆ ಕೈಕಾಲು ಬಿದ್ದುಹೋಗಿದೆ. ತಲೆಬುರುಡೆಯ ಒಂದು ಚೂರು ತೆಗೆದಿರುವ ಕಡೆ ಚರ್ಮ ಉಸಿರಿನ ಜೊತೆ ಏರಿಳಿಯುತ್ತದೆ. ಮಾತು ಹೋಗಿದೆ, ಮತ್ತೆ ಬರುವುದಿಲ್ಲವಂತೆ. ಒಂದೇ ಒಂದು ಅಕ್ಷರ ಉಳಿದಿದೆ. ಯಾರು ಹತ್ತಿರ ಹೋದರೂ ‘ಬಿ, ಬಿ’ ಅನ್ನುತ್ತಾನೆ. ಪಾಪ ಅವಳು ಬಿಸಿನೀರು ಕೇಳುತ್ತಿದ್ದಾರೆ ಅಂದುಕೊಂಡು ಫ್ಲಾಸ್ಕಿನಿಂದ ಲೋಟಕ್ಕೆ ಬಗ್ಗಿಸಿ ಚಮಚದಲ್ಲಿ ಕುಡಿಸುತ್ತಾಳೆ. ಅವನು ನೀರನ್ನು ಉಗುಳಿ ಮತ್ತೆ ಬಿ ಅನ್ನುತ್ತಾನೆ. ಅವಳು ಮತ್ತೆ ಬಗ್ಗಿಸುತ್ತಾಳೆ.

ಅವನು ಹೇಳುತ್ತಿರುವುದು ಏನು ಅಂತ ಈ ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತು. ‘ಬಿಡು ಅಂದ್ರು’ ಅಂದನಲ್ಲ, ಹಾಗೆ ಅಂದವಳು ನಾನು.

ಅವನು ಬೋಟು ನಿಲ್ಲಿಸಿದ್ದು ಠಸ್ಸೆ ಮಾವನನ್ನು ಎತ್ತಿಕೊಳ್ಳಲು. ಹಗ್ಗ ಎಸೆದಿದ್ದ, ಅವರು ಹಿಡಿದಿದ್ದರು. ಅವನು ಎಳೆದುಕೊಂಡು ಹೋಗಿಬಿಡುತ್ತಾನೆ ಅನ್ನುವ ಭಯಕ್ಕೆ ನಾನು ಠಸ್ಸೆ ಮಾವನಿಗೆ ‘ಬಿಡು, ಬಿಡು’ ಅಂತ ಕೂಗಿದೆ. ಹಗ್ಗ ಬಿಡಿ ಅಂತ. ಅವರು ಬಿಡಲಿಲ್ಲ. ಬೋಟಿನವನು ತನಗೇ ಹೇಳಿದ್ದು ಅಂದುಕೊಂಡು ಬಿಟ್ಟ. ನಿನ್ನ ಕೆಂಪು ಅಕ್ಷರದ ಕೆಳಗೇ ನಿಂತು ಕೂಗಿದ್ದೆ.

ಇಷ್ಟು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಅಂತ ಕೇಳಬೇಡ. ನಾನು ಬಾಯಿ ಬಿಟ್ಟರೆ ಅವನು ಕೊಲೆಗಾರನಲ್ಲ. ಆಗ ನೀನು ಕೊಲೆಗಾರನನ್ನು ಹೊಡೆದವಳಲ್ಲ, ಒಬ್ಬರ ಜೀವ ಉಳಿಸಲು ಬಂದವನನ್ನು ಹೊಡೆದವಳು. ನಿನ್ನೆ ವಕೀಲರ ಮುಂದೆ ಬಾಯಿ ಬಿಟ್ಟೆ, ಎರಡು ವರ್ಷ ಹತ್ತಾಗಬಹುದು ಅಂತ ಅವರು ಕೈಮುಗಿದು ಬೇಡಿಕೊಂಡರು, ಹೆತ್ತವಳು ನೀವು, ಸುಮ್ಮನಿರಿ ಅಂದರು. ನಿನಗೆ ಈಗ ಮೂವತ್ತೊಂದು. ಅದಕ್ಕೆ ಹತ್ತು ಕೂಡಿಸಿ ಕೂಡಿಸಿ ನೋಡಿದೆ. ಆದರೂ ಆ ಹೆಂಗಸಿನ ಚಮಚ ಕಣ್ಣಿನಿಂದ ಹೋಗುತ್ತಿಲ್ಲ. ಅವನು ದುಷ್ಟನೇ. ನನ್ನ ಹಲ್ಲು ಉದುರಿಸಿದವನೇ. ಆದರೆ ಅವತ್ತು ಆ ಹೊತ್ತಿನಲ್ಲಿ ಅವನು ತಪ್ಪು ಮಾಡಿರಲಿಲ್ಲ.

ಈ ಕಾಗದ ಮುಗಿಸಿ ಠಾಣೆಗೆ ಹೋಗುತ್ತೇನೆ. ನಿನ್ನ ಅಪ್ಪಣೆ ಕೇಳುತ್ತಿಲ್ಲ. ಕೇಳಿದರೆ ನೀನು ಬೇಡ ಅನ್ನಬಹುದು, ಆಗ ನಾನು ಖುಷಿಯಿಂದ ಒಪ್ಪಿಕೊಂಡುಬಿಡುತ್ತೇನೆ. ನನ್ನ ಮೇಲೆ ಸಿಟ್ಟು ಮಾಡಿಕೋ, ಜಾಲರಿಗೆ ತಲೆ ಚಚ್ಚಿಕೊಳ್ಳಬೇಡ. ಊಟ ಬಿಡಬೇಡ. ಮುಂದಿನ ಭೇಟಿಗೆ ನೀನು ಬರದಿದ್ದರೂ ನಾನು ಬಂದು ಆ ಬೆಂಚಿನ ಮೇಲೆ ಹದಿನೈದು ನಿಮಿಷ ಕೂತು ಹೋಗುತ್ತೇನೆ.

ನಿನ್ನನ್ನು ಹೊಡೆದೂ ಮುದ್ದಿಸಿಯೂ ಬೆಳೆಸಿದ
ನಿನ್ನ ಅಮ್ಮ

ತಾ.ಕ.: ಮಧ್ಯಾಹ್ನ ನಾಲ್ಕು. ಠಾಣೆಗೆ ಹೋಗಿ ಬಂದೆ. ಕಾಗದ ಇನ್ನೂ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ಹೇಳಿಕೆ ಬರೆದುಕೊಂಡ ಪೇದೆ ಒಂದೇ ಪ್ರಶ್ನೆ ಕೇಳಿದ, ಬಿಡು ಅಂದದ್ದು ಯಾರಿಗಮ್ಮಾ ಅಂತ. ಮೇಲೆ ನಿನಗೆ ಬರೆದದ್ದನ್ನೇ ಹೇಳಿದೆ, ಅವನು ಬರೆದುಕೊಂಡ. ರುಜು ಹಾಕಲು ಪೆನ್ನು ಹಿಡಿದೆ, ಕೈ ಓಡಲಿಲ್ಲ, ಅದನ್ನು ಹೊಡೆದುಹಾಕಿಸಿ ಬೇರೆ ಬರೆಸಿದೆ. ಹಗ್ಗವನ್ನು ನಾನು ನೋಡಿಯೇ ಇರಲಿಲ್ಲ. ಕಂಡದ್ದು ಆಮೇಲೆ, ಠಸ್ಸೆ ಮಾವನ ಮುಷ್ಟಿಯಲ್ಲಿ. ಅವರು ನೀರಿನಲ್ಲಿದ್ದಾರೋ ದಡಕ್ಕೆ ಬಂದರೋ ಅಂತಲೂ ನೋಡಲಿಲ್ಲ, ತಲೆ ಎಣಿಸಲಿಲ್ಲ. ನನಗೆ ಕಂಡದ್ದು ನನ್ನ ಕೆನ್ನೆಗೆ ಬಾರಿಸಿದವನ ಮುಖ ಒಂದೇ. ಅವನ ಕಡೆಗೇ ಎರಡೂ ಕೈ ಬೀಸಿ, ಬಿಡೋ ನಿನ್ನ ಬೋಟು, ಬಿಡು ಇಲ್ಲಿಂದ, ಅಂತ ಕಿರುಚಿದೆ. ನಮ್ಮ ಸಂಘದ ಮಾತನ್ನು ಅವನು ಕೇಳಿದ್ದು ಅದೊಂದೇ ಸಲ.