ತಂತಿ ಕತ್ತರಿಸಿದ ರಂಗಕ್ಕನಿಗೆ ನೋಟಿಸು

ಸಾಹಸ ವಾಹನ ವಿಹಾರ ವಲಯದ ಉಸ್ತುವಾರಿ ಅಧಿಕಾರಿಗಳೇ,

ನಿಮ್ಮ ವಲಯದಲ್ಲಿ ಜನರನ್ನು ಬೀಳಿಸಲು ಎಲ್ಲ ಏರ್ಪಾಡೂ ಇದೆ, ಬಿದ್ದವರನ್ನು ಎತ್ತಲು ಯಾವುದೂ ಇಲ್ಲ. ಊರಿನ ಪರವಾಗಿ ಇದನ್ನೇ ವಿನಯದಿಂದ ಅರ್ಜಿಯಲ್ಲಿ ಬರೆದಿದ್ದೆವು. ಉತ್ತರವಿಲ್ಲ. ಹಾಗಾಗಿ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲಿ, ನಮ್ಮೂರ ಹಿಂದಿನ ಕಲ್ಲುಬಯಲಿಗೆ ಕಳೆದ ವರ್ಷ ತಾವು ಮುಳ್ಳುತಂತಿ ಸುತ್ತಿಸಿದಿರಿ. ಕಮಾನು ಬಂತು. ಜೀಪುಗಳು, ನಾಲ್ಕು ಗಾಲಿಯ ಬೈಕುಗಳು ಬಂದವು. ಫೋಟೊ ತೆಗೆಸಿಕೊಳ್ಳಲು ಕಟ್ಟೆಯೂ ಬಂತು. ‘ಪ್ರಥಮ ಚಿಕಿತ್ಸೆ’ ಎಂಬ ಫಲಕವಿರುವ ಕೋಣೆಯಲ್ಲಿ ಉದ್ಘಾಟನೆಯ ಪ್ಲಾಸ್ಟಿಕ್ ಕುರ್ಚಿಗಳಿವೆ. ಕುರ್ಚಿಗಳ ಆರೋಗ್ಯ ಚೆನ್ನಾಗಿದೆ.

ನಾನು ಪಶು ಆಸ್ಪತ್ರೆಯ ನಿವೃತ್ತ ಕಾಂಪೌಂಡರ್. ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಕುರಿ ಮೇಯಿಸುವ ರಂಗಕ್ಕನ ಕುಂಟುಕುರಿ ನೋಡಲು ತಂತಿಯ ಹೊರಬದಿಗೆ ಹೋಗಿದ್ದೆ. ಒಳಗಿನ ಕೊರಕಲಿನಲ್ಲಿ ಬೈಕು ಮಗುಚಿದ ಸದ್ದು, ಹಿಂದೆಯೇ ಚೀರಾಟ. ಇಬ್ಬರೂ ತಂತಿಯಡಿ ನುಸುಳಿದೆವು. ದಾವಣಗೆರೆಯಿಂದ ಅಣ್ಣ ಮಾರುತೇಶನ ಜೊತೆ ಬಂದಿದ್ದ ದಿವ್ಯಾ ಎಂಬ ಹುಡುಗಿಯ ಕಾಲು ಬೈಕಿನಡಿ ಸಿಕ್ಕಿಬಿದ್ದಿತ್ತು. ಮೂವರೂ ಸೇರಿ ಬೈಕು ಎತ್ತಿದೆವು. ರಂಗಕ್ಕನ ಕೋಲು ಮುರಿದು, ನನ್ನ ಟವೆಲು ಹರಿದು ಕಾಲು ಕಟ್ಟಿದೆ.

“ನೀವು ಡಾಕ್ಟ್ರಾ?” ಎಂದು ಆ ನೋವಿನಲ್ಲೂ ಕೇಳಿದಳು.

“ದನದ ಆಸ್ಪತ್ರೆ ಕಾಂಪೌಂಡರ್ ಕಣವ್ವ. ಅಲ್ಲಾಡಬ್ಯಾಡ.”

ಆಂಬುಲೆನ್ಸ್ ಅರ್ಧ ಗಂಟೆಯೊಳಗೆ ಬಂತು. ವಲಯದೊಳಗೆ ಕೊರಕಲಿನ ಕಡೆಗೆ ದೊಡ್ಡ ವಾಹನ ಹೋಗಬಲ್ಲ ದಾರಿ ಒಂದೇ, ನಿಮ್ಮ ‘ತುರ್ತು ದ್ವಾರ’. ಅದಕ್ಕೆ ಬೀಗ. ಮುರಿದ ಕಾಲಿನ ಹುಡುಗಿಯನ್ನು ಮುಳ್ಳುತಂತಿಯಡಿ ಎಳೆಯುವಂತೆಯೂ ಇರಲಿಲ್ಲ. ಫಲಕದ ತುರ್ತು ಸಂಖ್ಯೆಯ ಕೆಳಗೆ ‘ಕಚೇರಿ ವೇಳೆಯಲ್ಲಿ ಮಾತ್ರ’ ಎಂದಿತ್ತು. ಮೂಳೆಗಳು ರಜಾದಿನ ನೋಡಿ ಮುರಿಯಬಾರದೆಂಬ ಸುತ್ತೋಲೆ ಹೊರಡಿಸಿದ್ದೀರಾ? ಕಾವಲುಗಾರನ ನಂಬರು ಹೇಗೋ ಸಿಕ್ಕಿತು. “ಕೀ ನನ್ ಜೇಬ್ನಾಗೇ ಐತೆ ಸಾರ್, ಚಳ್ಳಕೆರೆಗೆ ಬಂದಿದೀನಿ. ಹತ್ತು ನಿಮಿಷ, ಬಂದೆ. ಬೀಗ ಮಾತ್ರ ಒಡೀಬ್ಯಾಡ್ರಿ, ನನ್ ಕೆಲ್ಸ ಹೋಗ್ತೈತೆ” ಎಂದ.

ಅವನ ಹತ್ತು ನಿಮಿಷ ಒಂದು ಗಂಟೆಯಾದರೂ ಮುಗಿಯಲಿಲ್ಲ. ಮೂವತ್ತು ವರ್ಷ ಸರ್ಕಾರಿ ಬೀಗಗಳನ್ನು ಗೌರವಿಸಿದ ನಾನು ಕಾಯುತ್ತಲೇ ಕೂತೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ದಿವ್ಯಾಳ ಪಾದ ಮುಟ್ಟಿದೆ. ತಣ್ಣಗಾಗಿತ್ತು. ಅದರ ಅರ್ಥ ನನಗೆ ಗೊತ್ತಿತ್ತು.

“ರಕ್ತ ಕೆಳಗೆ ಇಳೀತಿಲ್ಲ ರಂಗಕ್ಕ” ಎಂದೆ.

ಅವಳು ಮಾರುತೇಶನ ಬೈಕಿನ ಡಬ್ಬಿಯಿಂದ ಕಟಿಂಗ್ ಪ್ಲೇಯರ್ ಈಸಿಕೊಂಡಳು. “ತಂತಿ ನಾಳಿಕ್ಕೂ ಕಟ್ಕಂತಾರೆ ಬಿಡಣ್ಣ. ಈ ಮಗೀನ್ ಕಾಲು?” ಎನ್ನುತ್ತ ಐದೂ ಎಳೆ ಕತ್ತರಿಸಿದಳು. ತಂತಿಯ ಹೊರಗಿನ ಕುರಿ ಜಾಡು ಹಿಡಿದು ಸುತ್ತಿಬಂದ ಆಂಬುಲೆನ್ಸಿಗೆ ಹುಡುಗಿಯನ್ನು ಏರಿಸಿದೆವು.

ಮೂರನೆಯ ದಿನ ಮಾರುತೇಶ ಫೋನು ಮಾಡಿ ಅತ್ತ. ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದರು. ಒಂದು ಗಂಟೆ ಮೊದಲು ಬಂದಿದ್ದರೆ ಉಳಿಸಲು ನೋಡಬಹುದಿತ್ತು ಎಂದರಂತೆ ವೈದ್ಯರು.

ತಮ್ಮ ಕಚೇರಿ ಕೊನೆಗೂ ಎಚ್ಚೆತ್ತಿತು. ಸರ್ಕಾರಿ ಆಸ್ತಿಗೆ ಹಾನಿ ಮಾಡಿದ್ದಕ್ಕೆ ರಂಗಕ್ಕನಿಗೆ ನೋಟಿಸು ಕಳಿಸಿತು. ಅಕ್ಷರ ಬಾರದ ಅವಳು ಅದನ್ನು ನನ್ನ ಮನೆಗೆ ತಂದಳು. ಓದಿದೆ. ಕೊನೆಯವರೆಗೂ ಕೇಳಿ, “ಆ ಹುಡುಗಿ ಕಾಲು ಉಳೀತಾ? ಅದೇನಾರ ಬರ್ದೈತಾ ಇದ್ರಾಗೆ?” ಎಂದಳು.

ಅಧಿಕಾರಿಗಳೇ, ಅದು ಬರೆದಿರಲಿಲ್ಲ. ಹೇಳಲು ನನಗೆ ನಾಲಗೆ ಏಳಲಿಲ್ಲ.

ನೋಟಿಸು ವಾಪಸು ಪಡೆಯಿರಿ. ತುರ್ತು ದ್ವಾರದ ಕೀಲಿಯೊಂದು ಊರಿನಲ್ಲಿರಲಿ, ವಾಹನ ಓಡುವ ದಿನಗಳಲ್ಲಿ ಆಂಬುಲೆನ್ಸು ಒಳಗೇ ನಿಂತಿರಲಿ. ಅಲ್ಲಿಯವರೆಗೆ ವಲಯ ಮುಚ್ಚಿ. ಇದೆಲ್ಲಕ್ಕಿಂತ ಮೊದಲು ತಾವೇ ನಮ್ಮೂರಿಗೆ ಬಂದು, ರಂಗಕ್ಕನೆದುರು ಕೂತು, ಅವಳು ಕೇಳಿದ್ದಕ್ಕೆ ಉತ್ತರ ಹೇಳಿ.

ಇಂತಿ,
ಮೇಲಿನವರ ಮುಂದೆ ದನಿ ಎತ್ತಲು ನಿವೃತ್ತಿಯವರೆಗೂ ಕಾದ,
ಬೊಮ್ಮಲಿಂಗಪ್ಪ