ತಂತಿ ಹಿಡಿದ ಸಕ್ಕರೆ

ಮನೆ,
ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಪ್ಪಾ,

ನಿಮ್ಮ ಸೊಂಟನೋವು ಹೇಗಿದೆ? ಹಡಗಿನ ಇಂಜಿನ್ ರೂಮಿನಲ್ಲಿ ಬಗ್ಗಿ ಬಗ್ಗಿ ಕೆಲಸ ಮಾಡಿ, ಕೇಳಿದವರಿಗೆಲ್ಲ ‘ನನಗೇನು ಧಾಡಿ’ ಎನ್ನುತ್ತಿರುತ್ತೀರಿ, ಗೊತ್ತು. ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಿ. ನಾನು ಚೆನ್ನಾಗಿದ್ದೇನೆ. ಅಮ್ಮನ ವಿಷಯ ಬರೆಯಲೆಂದೇ ಕೂತಿದ್ದೇನೆ. ಗಾಬರಿಯಾಗದೆ ಪೂರ್ತಿ ಓದಿ.

ನಿಮ್ಮ ಸಾಮಾನಿನ ಪೆಟ್ಟಿಗೆಯಿಂದ ನಾನು ಎಗರಿಸಿದ ತಾಮ್ರದ ತಂತಿ ನೆನಪಿದೆಯಲ್ಲ? ಅದನ್ನು ನಮ್ಮ ಕಾಲೇಜಿನ ಲ್ಯಾಬಿನ ಕುಲುಮೆಯಲ್ಲಿ ಕಾಯಿಸಿದರೆ ಮೇಲೆ ಕಪ್ಪಗೆ ಆಕ್ಸೈಡ್ ಪದರ ಕೂರುತ್ತದೆ. ಒಂದು ಹನಿ ರಕ್ತ ಬೆರೆಸಿದ ಕ್ಷಾರದ ನೀರಿಗೆ ಆ ತಂತಿ ಇಳಿಸಿ ಸ್ವಲ್ಪ ವಿದ್ಯುತ್ ಕೊಟ್ಟರೆ, ರಕ್ತದಲ್ಲಿ ಎಷ್ಟು ಸಕ್ಕರೆ ಇದೆಯೋ ಅದಕ್ಕೆ ತಕ್ಕಷ್ಟು ಕರೆಂಟ್ ಹರಿಯುತ್ತದೆ. ಚಿನ್ನ, ಪ್ಲಾಟಿನಂ ಏನೂ ಬೇಡ. ಒಂದು ಕಪ್ ಚಹಾದ ಖರ್ಚಿನಲ್ಲಿ ಇಪ್ಪತ್ತು ತಂತಿ. ಹೋಲಿಸಿ ನೋಡಲು ಕಾಯಿಲೆ ಇಲ್ಲದವರ ರಕ್ತವೂ ಬೇಕಿತ್ತು. ಅಮ್ಮ ಹೊಲಿಗೆ ಮಿಷನ್ ಮುಂದಿನಿಂದ ಏಳದೆಯೇ ಬೆರಳು ಚಾಚಿದಳು. “ನನ್ನಲ್ಲಿ ದೋಷ ಹುಡುಕೋ ಕೆಲಸ ನಿಮ್ಮಜ್ಜಿ ಯಾವತ್ತೋ ಮುಗಿಸಿದ್ದಾರೆ ಕಣೇ. ಅವರು ಬಿಟ್ಟಿದ್ದೇನಾದ್ರೂ ಇದ್ರೆ ನಿನ್ನ ತಂತಿ ಹುಡುಕಲಿ.”

ಸಿಕ್ಕಿತು, ಅಪ್ಪಾ. ಕಳೆದ ವಾರ ಆಸ್ಪತ್ರೆಯಲ್ಲೂ ಪರೀಕ್ಷೆ ಮಾಡಿಸಿದೆವು. ಅಮ್ಮನಿಗೆ ಸಕ್ಕರೆ ಕಾಯಿಲೆ. ನಮ್ಮ ತಂತಿಯ ಅಂಕಿಗೂ ಆಸ್ಪತ್ರೆಯವರ ಅಂಕಿಗೂ ಕೂದಲೆಳೆಯಷ್ಟು ವ್ಯತ್ಯಾಸ. ಮಾತ್ರೆ ಶುರುವಾಗಿದೆ. ಎಡಗಣ್ಣಿನೊಳಗೆ ಸ್ವಲ್ಪ ರಕ್ತ ಒಸರಿದೆಯಂತೆ, ಬರುವ ವಾರ ಬುಧವಾರ ಲೇಸರ್ ಮಾಡುತ್ತಾರೆ. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆದಾಗಲೆಲ್ಲ ಅವಳು ಬಲ್ಬನ್ನು ಬೈಯುತ್ತಿದ್ದಳು. ನಾನು ಎರಡು ಸಲ ಬಲ್ಬ್ ಬದಲಾಯಿಸಿದ್ದೆ. ಈಗ ಬಟ್ಟೆ ಹೊಲಿಸಲು ಬಂದವರಿಗೆಲ್ಲ ಒಂದೇ ಕಥೆ: “ಡಾಕ್ಟರಿಗಿಂತ ಮುಂಚೆ ನನ್ನ ಮಗಳ ತಂತಿ ಹಿಡೀತು.” ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಅವಳು ಹಾಗೆ ಹೇಳುವಾಗ ನಾನು ಒಳಗೆ ಹೋಗಿಬಿಡುತ್ತೇನೆ.

ನಮ್ಮ ಪ್ರೊಫೆಸರಿಗೆ ಖುಷಿಯೋ ಖುಷಿ, ಲೇಖನ ಬರೆಯಲು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅಮ್ಮ ನಿಮ್ಮನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಹೊಸ ಶರ್ಟಿಗೆ ಹೊಟ್ಟೆಯ ಅಳತೆಯನ್ನು ಈ ಸಲವಾದರೂ ನಿಜ ಬರೆದು ಕಳಿಸಬೇಕಂತೆ.

ನಿಮ್ಮ ಮುದ್ದಿನ
ಮಗಳು

ಮತ್ತೆ: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ತಂತಿ ಹಿಡಿದದ್ದು ನಾಲ್ಕು ತಿಂಗಳ ಹಿಂದೆಯೇ, ಅಪ್ಪಾ. ಅಮ್ಮನ ಅಂಕಿ ಪ್ರತಿ ಸಲವೂ ಜಾಸ್ತಿ ಬರುತ್ತಿತ್ತು. ಅಮ್ಮನಿಗೆ ಎಲ್ಲಿಯ ಕಾಯಿಲೆ ಎಂದುಕೊಂಡು ತಂತಿಯನ್ನೇ ಅನುಮಾನಿಸಿದೆ. ಕುಲುಮೆಯ ಶಾಖ ಬದಲಿಸಿದೆ, ಅಮ್ಮನ ಕೈಯನ್ನು ಮೂರು ಮೂರು ಸಲ ಸೋಪು ಹಚ್ಚಿ ತೊಳೆಸಿದೆ. ಲ್ಯಾಬಿನ ಪುಸ್ತಕದಲ್ಲಿ ಅಮ್ಮನ ಹದಿನೇಳು ಅಂಕಿಗಳಿಗೆ ಗೀಟೆಳೆದು ‘ತಂತಿ ಸರಿಯಿಲ್ಲ’ ಎಂದು ಬರೆದಿಟ್ಟಿದ್ದೇನೆ, ತಾರೀಖಿನ ಸಮೇತ. ಕೊನೆಗೆ ಲ್ಯಾಬಿನ ಸಹಾಯಕರು “ತಂತಿ ಬಿಡಿ, ಅಮ್ಮನ್ನ ಒಂದ್ಸಲ ಡಾಕ್ಟರಿಗೆ ತೋರಿಸಿ” ಎಂದ ಮೇಲೆ ಕರೆದುಕೊಂಡು ಹೋದೆ. ನಾಲ್ಕು ತಿಂಗಳು ಮುಂಚೆ ಬಂದಿದ್ದರೆ ಕಣ್ಣು ಇಷ್ಟು ಕೆಡುತ್ತಿರಲಿಲ್ಲವಂತೆ. ಅಮ್ಮನಿಗೆ ಇದು ಗೊತ್ತಿಲ್ಲ. ಬುಧವಾರದೊಳಗೆ ಆ ಪುಸ್ತಕ ಅವಳ ಮುಂದಿಟ್ಟು ನಾನೇ ಹೇಳುತ್ತೇನೆ. ನೀವು ಫೋನ್ ಮಾಡಿದಾಗ ನನ್ನ ಪರ ವಹಿಸಿ ಮಾತಾಡಬೇಡಿ.