ಇಪ್ಪತ್ತೆಂಟರೊಳಗೆ ಹಾಜರಾಗಬೇಕಂತೆ

ವಿನೋಬನಗರ, ದಾವಣಗೆರೆ
೧೪ ಆಗಸ್ಟ್ ೨೦೨೫

ಪ್ರೀತಿಯ ರೇಖಾಗೆ,

ಹೆಂಡತಿಗೆ ಬರೆಯುವಾಗ ನಮಸ್ಕಾರ ಅನ್ನಬೇಕೋ ಆಶೀರ್ವಾದ ಅನ್ನಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಎಂಟನೇ ಕ್ಲಾಸಿಗೆ ಬಿಟ್ಟವನು ನಾನು. ಅಷ್ಟರಲ್ಲಿ ಹೆಡ್ ಮಾಸ್ತರಿಗೆ ರಜಾ ಅರ್ಜಿ ಬರೆಯುವುದನ್ನು ಮಾತ್ರ ಕಲಿಸಿದ್ದರು. ಎರಡನ್ನೂ ಬರೆದಿದ್ದೇನೆ ಅಂದುಕೋ. ನಾನೂ ಅವ್ವನೂ ಆರಾಮ ಇದ್ದೇವೆ. ಧಾರವಾಡದಲ್ಲಿ ಮಳೆ ಹಿಡಿದಿದೆ ಅಂತ ಟಿವಿಯಲ್ಲಿ ತೋರಿಸಿದರು. ನಿನ್ನ ಕಿವಿನೋವು ಮತ್ತೆ ಶುರುವಾಗಿಲ್ಲ ತಾನೆ? ಲೈಬ್ರರಿಯಲ್ಲಿ ಫ್ಯಾನಿನ ಕೆಳಗೆ ಕೂರಬೇಡ.

ಸೋಮವಾರವೇ ಬರೆಯಬೇಕಿತ್ತು, ತಡವಾಯಿತು. ನಿನ್ನ ಕೆಲಸದ ಆರ್ಡರ್ ಬಂದಿದೆ ಅಂತ ಅವತ್ತು ಫೋನಿನಲ್ಲಿ ಹೇಳಿದಾಗ ನೀನು "ಹ್ಞೂಂ" ಅಂದೆ. "ಹರಿಹರ ಆಗಬಾರದಿತ್ತು" ಅಂದೆ. ಆಮೇಲೆ ಪರೀಕ್ಷೆಗೆ ಓದುವುದಿದೆ ಅಂತ ಇಟ್ಟುಬಿಟ್ಟೆ. ಮತ್ತೆ ಮಾಡಲು ನನಗೆ ಧೈರ್ಯ ಬರಲಿಲ್ಲ. ಫೋನಿನಲ್ಲಿ ನಾನು ಏನೋ ಹೇಳಲು ಹೋಗಿ ಇನ್ನೇನೋ ಹೇಳುತ್ತೇನೆ. ಆರ್ಡರಿನ ಜೆರಾಕ್ಸ್ ಇದರೊಳಗೆ ಇಟ್ಟಿದ್ದೇನೆ. ಒರಿಜಿನಲ್ಲು ಬೀರುವಿನಲ್ಲಿ ನಿನ್ನ ಸೀರೆಗಳ ಕೆಳಗಿದೆ. ಇದೆಯೋ ಇಲ್ಲವೋ ಅಂತ ದಿನಾ ಒಂದು ಸಲ ನೋಡುತ್ತೇನೆ.

ಆರ್ಡರ್ ಇಂಗ್ಲಿಷಿನಲ್ಲಿತ್ತು, ಅದನ್ನು ನಮಗೆ ಓದಿ ಹೇಳಿದವರು ಪಕ್ಕದ ಮನೆ ನಿರ್ಮಲಮ್ಮ. ಹರಿಹರದ ಕೋರ್ಟಿನಲ್ಲಿ ಆದೇಶ ಜಾರಿಕಾರರ ಹುದ್ದೆ, ಅಂದರೆ ಸಮನ್ಸು, ನೋಟೀಸು ಮನೆಮನೆಗೆ ಮುಟ್ಟಿಸುವ ಕೆಲಸ. ಇಪ್ಪತ್ತೆಂಟರೊಳಗೆ ಹಾಜರಾಗಬೇಕಂತೆ. ಇಲ್ಲದಿದ್ದರೆ ನಿನ್ನ ಹೆಸರು ಹೋಗಿ ಪಟ್ಟಿಯಲ್ಲಿ ಕೆಳಗಿನವರಿಗೆ ಸಿಗುತ್ತದಂತೆ. ಅವ್ವ ಒಲೆಯ ಮುಂದಿನಿಂದಲೇ ಕೇಳಿದಳು.

"ಯಾಕ, ಕರಿ ಕೋಟು ಹಾಕ್ಕಂಡಾಕಿ ಮನೆಮನೆಗೆ ಚೀಟಿ ಹಂಚಾಕೆ ಹೋಗ್ಬೇಕಾ?"

"ಚೀಟಿ ಅಲ್ಲ ದುರುಗವ್ವ, ಸಮನ್ಸು. ಜಡ್ಜ್ ಸಾಹೇಬ್ರ ಸೀಲ್ ಇರ್ತೈತೆ. ನಮ್ಮ ಹುಡುಗ ಎಂಕಾಂ ಮಾಡಿ ಟಿವಿ ಮುಂದೆ ಮಲಗ್ಯಾನೆ. ಅವನಿಗೆ ಯಾವ ಸೀಲ್ ಹೊಡೀಲಿ ಹೇಳ್ರಿ" ಅಂದರು ನಿರ್ಮಲಮ್ಮ.

ಸ್ಟ್ಯಾಂಡಿನಲ್ಲಿ ಮಕ್ತುಮ್ ಸಾಬ್ ಎಲ್ಲ ಆಟೋದವರಿಗೂ ಕೇಳುವ ಹಾಗೆ ಕೂಗಿದ: "ಮುಬಾರಕ್ ಮಾಲತೇಶ್! ವಕೀಲಿ ಮಾಡಿದ್ರೆ ಕಕ್ಷಿದಾರ ಫೀಸ್ ಕೊಡ್ದೆ ಓಡೋಗ್ತಾನೆ. ಸರ್ಕಾರ ಎಲ್ಲಿ ಓಡೋಗ್ತೈತೆ?" ಎಲ್ಲರಿಗೂ ಚಹಾ ಕೊಡಿಸಿದೆ. ಖುಷಿಯಾಗಬೇಕಿತ್ತು. ಏನೂ ಆಗಲಿಲ್ಲ. ಚಹಾ ಬಿಸಿ ಇತ್ತು, ಅಷ್ಟು ಗೊತ್ತಾಯಿತು.

ನಿನ್ನೆ ಹರಿಹರಕ್ಕೆ ಬಾಡಿಗೆ ಸಿಕ್ಕಿತು. ಇಳಿಸಿದವನೇ ಕೋರ್ಟಿನ ಹತ್ತಿರ ಹೋದೆ. ಅಲ್ಲಿ ಇದೇ ಕೆಲಸದಲ್ಲಿರುವ ವಿಜಯಕುಮಾರ್ ಅಂತ ಒಬ್ಬರು ಮರದ ಕೆಳಗೆ ಬುತ್ತಿ ಬಿಚ್ಚಿದ್ದರು. ಅವರೂ ಲಾ ಮಾಡಿದವರೇ ಅಂತೆ. ನಿನ್ನ ಹೆಸರು ಹೇಳಲಿಲ್ಲ, ನಮ್ಮ ಪೈಕಿ ಒಬ್ಬರಿಗೆ ಆಗಿದೆ ಅಂತಷ್ಟೇ ಹೇಳಿದೆ.

"ಈಗ ಜವಾನ ಪೋಸ್ಟಿಗೂ ಲಾ ಮಾಡಿದೋರೇ ಬರ್ತಾರ್ರಿ. ಮೊದಲನೇ ತಿಂಗಳು ಭಾಳ ಕಷ್ಟ. ಮೊನ್ನೆತನಕ ಪಕ್ಕದಾಗೆ ಕುಂತಿದ್ದ ವಕೀಲ್ರೇ, 'ಲೇ ವಿಜಿ, ಈ ಸಮನ್ಸು ಬೇಗ ಮುಟ್ಸಪ್ಪ' ಅಂತಾರೆ. ಆಮೇಲೆ ರೂಢಿ ಆಗ್ತೈತೆ."

"ನಾಯಿಗೀಯಿ ಕಡೀತಾವೇನ್ರಿ?" ಅಂತ ಕೇಳಿದೆ. ನನಗೆ ಅದೇ ಯೋಚನೆಯಾಗಿತ್ತು.

ಅವರು ನಕ್ಕುಬಿಟ್ಟರು. "ನಾಯಿ ವಾಸಿ ಬಿಡ್ರಿ. ಜನ ಬಾಗಿಲಾಗೇ ನಿಂತ್ಕಂಡು 'ಅವ್ರು ಮನೇಲಿಲ್ಲ' ಅಂತಾರೆ. ಅವ್ರೇ ಇವ್ರು!"

ಇನ್ನೊಂದು ವಿಷಯವನ್ನೂ ಹೇಳಿದರು. ಕೆಲಸಕ್ಕೆ ಸೇರುವಾಗ ವಕೀಲಿಕೆಯ ಸನ್ನದನ್ನು ಅಮಾನತಿನಲ್ಲಿ ಇಡಿಸಬೇಕಂತೆ. ಅದು ನಿನಗೆ ಗೊತ್ತೇ ಇರುತ್ತದೆ. ಸನ್ನದು ಬಂದ ದಿನ ನೀನು ಅದನ್ನು ಅವ್ವನ ಕೈಗೆ ಕೊಟ್ಟು, ಅವಳು ತಲೆಕೆಳಗಾಗಿ ಹಿಡಿದುಕೊಂಡು, ನಾವು ಮೂವರೂ ನಕ್ಕಿದ್ದೆವು. ಅದರಾಚೆ ನಕ್ಕಿದ್ದು ನನಗೆ ನೆನಪಿಲ್ಲ. ಸರ್ಕಾರಿ ವಕೀಲರ ಪರೀಕ್ಷೆ ಒಂದು ಸಲ ಕೈಬಿಟ್ಟಿತು, ಇನ್ನೊಂದು ಸಲ ಮುಂದಕ್ಕೆ ಹೋಯಿತು. ಗುಮಾಸ್ತರ ಆಯ್ಕೆ ನಿನ್ನ ಮೇಲಿನ ಹೆಸರಿಗೇ ನಿಂತುಹೋಯಿತು. ಮೊದಮೊದಲು ನೀನು ಅಳುತ್ತಿದ್ದೆ. ಆಮೇಲೆ ರಿಸಲ್ಟ್ ನೋಡಿ ಫೋನು ಪಕ್ಕಕ್ಕಿಟ್ಟು ಅಕ್ಕಿ ಆರಿಸಲು ಕೂರುತ್ತಿದ್ದೆ. ನನಗೆ ಅಳುವೇ ಮೇಲು ಅನ್ನಿಸುತ್ತಿತ್ತು.

ಈಗ ಇದು ಬಂದಿದೆ. ಬಿಟ್ಟರೆ ಮತ್ತೊಂದು ಬರುತ್ತದೋ ಇಲ್ಲವೋ, ವಯಸ್ಸಿನ ಮಿತಿ ಬೇರೆ ಇದೆ. ಹಿಡಿದರೆ, ನೀನು ವಕೀಲಿ ಮಾಡಿದ ಕೋರ್ಟೇ ಅದು, ಅಲ್ಲಿ ಎಲ್ಲರೂ ನಿನ್ನನ್ನು ಕರಿ ಕೋಟಿನಲ್ಲಿ ನೋಡಿದವರೇ. ಹೋಗು ಅಂತ ನಾನು ಹೇಳಲಾರೆ, ಬೇಡ ಅಂತಲೂ ಹೇಳಲಾರೆ. ಓದಿದವಳು ನೀನು, ತೀರ್ಮಾನ ನಿನ್ನದೇ. ಆದರೆ ತೀರ್ಮಾನ ಮಾಡದೆ ದಿನ ಕಳೆದುಬಿಡಬೇಡ. ನನ್ನ ಹೆದರಿಕೆಯೆಲ್ಲ ಅದೇ.

ದೇವರಗುಡ್ಡದ ಮಾಲತೇಶ ಸ್ವಾಮಿ ನಿನ್ನ ಮನಸ್ಸನ್ನು ಒಂದು ಕಡೆ ನಿಲ್ಲಿಸಲಿ. ಅವ್ವ ಹರಸಿದ್ದಾಳೆ, ಹೊಟ್ಟೆ ತುಂಬ ಉಣ್ಣಬೇಕಂತೆ.

ನಿನ್ನ
ಮಾಲತೇಶ್

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಒಂದು ಮಾತು. ನೀನು ಧಾರವಾಡಕ್ಕೆ ಹೊರಡುವ ಹಿಂದಿನ ವಾರ, ನಿನ್ನ ಸೀನಿಯರಿಗೆ ಹೇಳಿಬರಲು ನನ್ನ ಆಟೋದಲ್ಲೇ ಹರಿಹರಕ್ಕೆ ಹೋಗಿದ್ದೆವಲ್ಲ. ಕೋರ್ಟಿನ ಗೇಟಿನಲ್ಲಿ ನಿನ್ನ ಜೊತೆಯ ವಕೀಲೆ ಆಶಾರಾಣಿ ಮೇಡಂ ಸಿಕ್ಕು, ನನ್ನನ್ನು ನೋಡಿ "ಯಾರ್ರೀ ಇವ್ರು?" ಅಂತ ಕೇಳಿದರು. ನೀನು "ಆಟೋದವ್ರು" ಅಂದೆ. ಪರ್ಸು ತೆಗೆದು ನನಗೆ ನೋಟು ಚಾಚಿದೆ. ನಾನು ಇಸಿದುಕೊಂಡೆ. ಚಿಲ್ಲರೆ ವಾಪಸ್ ಕೊಟ್ಟು "ತಗಳ್ರಿ ಮೇಡಂ" ಅಂದೆ. ಮನೆಗೆ ಬಂದ ಮೇಲೆ ನೀನೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಿಟ್ಟು ಬರುತ್ತದೇನೋ ಅಂತ ಇಷ್ಟು ದಿನ ಕಾದೆ, ಬರಲಿಲ್ಲ. ಆಟೋದವನು ಅನ್ನುವುದು ಸುಳ್ಳೂ ಅಲ್ಲ. ಹರಿಹರ ಬೇಡವೆನ್ನಿಸಿದ್ದು ನನ್ನ ದೆಸೆಯಿಂದಲೇ ಆಗಿದ್ದರೆ, ಅದೊಂದಕ್ಕಾಗಿ ಕೆಲಸ ಬಿಡಬೇಡ ರೇಖಾ. ಹಾಜರಾಗುವ ದಿನ ನೀನು ಬಸ್ಸಿಗೆ ಹೋಗು. ನಾನು ಅವತ್ತು ಲೋಕಿಕೆರೆ ಕಡೆ ಬಾಡಿಗೆ ಹಿಡಿಯುತ್ತೇನೆ, ಆ ದಾರಿ ಹರಿಹರಕ್ಕೆ ಹೋಗುವುದಿಲ್ಲ.